ಸೋಡಿ ಮಾಸ್ತರು

ಮಳೆ ತನ್ನ ಹಿಡಿತವನ್ನು ಸಡಿಲಿಸಿ, ಚೌತಿಯ ಗಣಪತಿ ನೀರಿಗಿಳಿದು, ಅಂಗಳದ ಪಾಚಿ ಒಣಗಿ ಕಪ್ಪಾಗತೊಡಗುವ ಹೊತ್ತಿಗೆ, ಭಟ್ಕಳದಿಂದ ಕುಮಟೆಯವರೆಗಿನ ನಮ್ಮ ಕರಾವಳಿಯಲ್ಲಿ ಊರಿಗೊಬ್ಬರಂತೆ ಪ್ರಕಟವಾಗುವ ಒಂದು ವರ್ಗದ ಮಹನೀಯರುಂಟು. ವರ್ಷದ ಉಳಿದ ಭಾಗದಲ್ಲಿ ಇವರು ಅತ್ಯಂತ ಸೌಮ್ಯರು. ಅಡಕೆ ಧಾರಣೆಯ ವಿಷಯ ಬಂದರೆ ನಿಟ್ಟುಸಿರಿಡುತ್ತಾರೆ, ಹೆದ್ದಾರಿಯ ಅಗಲೀಕರಣ ಎಂದಿಗೆ ಮುಗಿಯುವುದೆಂಬ ಪ್ರಶ್ನೆಗೆ ಎಲ್ಲರಂತೆ ಆಕಾಶದತ್ತ ಕೈತೋರುತ್ತಾರೆ. ಆದರೆ ನವರಾತ್ರಿ ಸಮೀಪಿಸಿತೆಂದರೆ ಇವರ ದೃಷ್ಟಿ ಅಂತರ್ಮುಖವಾಗುತ್ತದೆ, ಮಾತು ಮಿತವಾಗುತ್ತದೆ, ಬಲಗೈಯ ಹೆಬ್ಬೆರಳು ಮಾತ್ರ ಮೊಬೈಲಿನ ಗಾಜಿನ ಮೇಲೆ ಅವಿಶ್ರಾಂತವಾಗಿ ಊರ್ಧ್ವಮುಖ ಸಂಚಾರವನ್ನು ನಡೆಸುತ್ತಿರುತ್ತದೆ. ಊಟವಾಯಿತೇ ಎಂದು ನೀವು ಕೇಳಿದ್ದಕ್ಕೆ ಇವರು ‘ಶೇಕಡಾ 62’ ಎಂದು ಉತ್ತರಿಸಿದರೆ ಗಾಬರಿಪಡಬೇಕಾದ ಕಾರಣವಿಲ್ಲ.

ಹೊನ್ನಾವರದ ಪ್ರಭಾತನಗರದಲ್ಲಿ ವಾಸಿಸುವ, ಹೈಸ್ಕೂಲಿನಲ್ಲಿ ಗಣಿತವನ್ನು ಬೋಧಿಸಿ ನಿವೃತ್ತರಾದ ನಮ್ಮ ಸೋಡಿ ಮಾಸ್ತರು ಈ ವರ್ಗಕ್ಕೆ ಭೂಷಣಪ್ರಾಯರು. ಸೋಡಿಯೆಂದರೆ ನಮ್ಮ ಕಡೆ ರಿಯಾಯಿತಿ. ಮಾತಾಪಿತೃಗಳಿಟ್ಟ ನಾಮಧೇಯವೊಂದು ಅವರಿಗಿಲ್ಲವೆಂದಲ್ಲ. ಅದು ಆಧಾರ್ ಕಾರ್ಡಿನಲ್ಲಿಯೂ ಪಿಂಚಣಿಯ ಪುಸ್ತಕದಲ್ಲಿಯೂ ಸುರಕ್ಷಿತವಾಗಿದೆ. ಅವರನ್ನು ಜಿಪುಣರೆಂದು ಕರೆಯುವವರು ಅವರನ್ನು ಅರಿತವರಲ್ಲ. ಜಿಪುಣನು ಕೊಳ್ಳುವುದೇ ಇಲ್ಲ. ಮಾಸ್ತರಾದರೋ ಕೊಳ್ಳುವುದನ್ನು ನಿಲ್ಲಿಸುವುದೇ ಇಲ್ಲ. ಜಿಪುಣನು ಪರರಿಗೆ ಕೊಡಲಾರ. ಮಾಸ್ತರು ಹಬ್ಬಕ್ಕೆ ಮುಂಚೆ ಮಗಳು, ಅಳಿಯ, ತಂಗಿ, ಷಡ್ಡಕ, ಎದುರು ಮನೆಯವರು, ಹಾಲು ತರುವಾತ, ಇವರೆಲ್ಲರಿಗೂ ಒಂದೊಂದು ಪೆಟ್ಟಿಗೆಯನ್ನು ತರಿಸಿಕೊಡುವ ಉದಾರಿಗಳು. ಅವರ ಹಟ ಒಂದೇ: ಪೂರ್ತಿ ಬೆಲೆಯನ್ನು ತೆತ್ತ ವಸ್ತುವನ್ನು ತಾವೂ ತಿನ್ನಬಾರದು, ಅನ್ಯರಿಗೂ ತಿನ್ನಿಸಬಾರದು.

ಬೆಲೆಯಿಳಿಸಿ ಕೊಳ್ಳುವ ಈ ಆಕಾಂಕ್ಷೆ ಮೊಬೈಲಿನೊಡನೆ ಹುಟ್ಟಿತೆಂದು ಭಾವಿಸುವುದು ನಮ್ಮ ಹಿರಿಯರಿಗೆ ಎಸಗುವ ಅಪಚಾರವಾದೀತು. ಗಾಂಧಿಜಯಂತಿಯ ಸಮಯದಲ್ಲಿ ಖಾದಿ ಭಂಡಾರದವರು ಬಿಡುತ್ತಿದ್ದ ಸೋಡಿಗಾಗಿ ವರ್ಷವಿಡೀ ಒಂದೇ ಪಂಚೆಯಲ್ಲಿ ಇಂದ್ರಿಯನಿಗ್ರಹವನ್ನು ಸಾಧಿಸಿದ ಅಧ್ಯಾಪಕರು ನಮ್ಮಲ್ಲಿದ್ದರು. ಆಷಾಢದಲ್ಲಿ ಹುಬ್ಬಳ್ಳಿಗೆ ಹೋಗಿ, ಅಂಗಡಿಯವರು ರಾಶಿ ಸುರಿದ ಅಂಗಿಗಳೊಳಗಿಂದ ಮನೆಯ ಯಾರ ಅಳತೆಗೂ ಹೊಂದದ ಅರ್ಧ ಡಜನ್ನನ್ನು ಆರಿಸಿ ತಂದು, ಮಕ್ಕಳು ಬೆಳೆದಾರೆಂದು ಕಾದುಕೊಂಡಿದ್ದ ಗೃಹಸ್ಥರೂ ಇದ್ದರು. ಕುಮಟೆಯ ಜವಳಿ ಅಂಗಡಿಗಳಲ್ಲಿ ಚೌಕಾಶಿಯೆಂಬುದು ಒಂದು ಪೂರ್ಣ ಪ್ರಮಾಣದ ನಾಟಕವಾಗಿತ್ತು: ಬೆಲೆಯನ್ನು ಕೇಳಿ ಮುಖವನ್ನು ಹುಳ್ಳಗೆ ಮಾಡುವುದು, ಬಟ್ಟೆಯ ಅಂಚನ್ನು ಬೆರಳಲ್ಲಿ ಉಜ್ಜಿ ನಿರಾಶೆಯನ್ನು ಅಭಿನಯಿಸುವುದು, ಕಡೆಗೆ ಚಪ್ಪಲಿ ಮೆಟ್ಟಿ ಅಂಗಡಿಯಿಂದಿಳಿದು ಮೂರು ಹೆಜ್ಜೆ ಹೋಗುವುದು, ನಾಲ್ಕನೆಯ ಹೆಜ್ಜೆಗೆ ಮುನ್ನ ಹಿಂದಿನಿಂದ ‘ಬನ್ನಿ, ಬನ್ನಿ’ ಎಂಬ ಕರೆ ಬರುವುದು. ಮೊಬೈಲಿಗೆ ಮುಖವಿಲ್ಲವಾಗಿ ಈ ಕಲೆ ನಶಿಸಿತೆಂದು ದುಃಖಿಸುವವರಿಗೆ ಮಾಸ್ತರು ಸಮಾಧಾನ ಹೇಳುತ್ತಾರೆ. ವಸ್ತುವನ್ನು ಬುಟ್ಟಿಗೆ ಹಾಕಿ, ಹಣ ಕಟ್ಟದೆ, ಎರಡು ದಿನ ಸುಮ್ಮನಿದ್ದುಬಿಡಬೇಕಂತೆ. ಮೂರನೆಯ ದಿನ ‘ನೀವು ಮರೆತ ವಸ್ತು ನಿಮಗಾಗಿ ಕಾದಿದೆ’ ಎಂಬ ಸಂದೇಶವೂ, ಅದರ ಬೆನ್ನಿಗೆ ಕೆಲವೊಮ್ಮೆ ಒಂದು ಕೂಪನ್ನೂ ಬರುವುದಂತೆ. ಅಂಗಡಿಯಿಂದ ಇಳಿದು ಮೂರು ಹೆಜ್ಜೆ ಹೋಗುವುದಕ್ಕೂ ಇದಕ್ಕೂ ತತ್ತ್ವತಃ ಭೇದವಿಲ್ಲ. ಚಪ್ಪಲಿ ಸವೆಯುವುದಿಲ್ಲವೆಂಬುದು ಹೆಚ್ಚಿನ ಲಾಭ.

2014ರ ಅಕ್ಟೋಬರ್ 6ರಂದು ಬೆಂಗಳೂರಿನ ಫ್ಲಿಪ್‌ಕಾರ್ಟ್ ಸಂಸ್ಥೆ ‘ಬಿಗ್ ಬಿಲಿಯನ್ ಡೇ’ ಎಂಬ ಒಂದು ದಿನದ ಮಹಾಮಾರಾಟವನ್ನು ಏರ್ಪಡಿಸಿ, ನೂಕುನುಗ್ಗಲನ್ನು ತಾಳಲಾರದೆ ಮರುದಿನ ಸಂಸ್ಥಾಪಕರೇ ಗ್ರಾಹಕರಲ್ಲಿ ಕ್ಷಮೆ ಕೋರಿದಾಗ, ಮಾಸ್ತರು ಇನ್ನೂ ಸೇವೆಯಲ್ಲಿದ್ದು ಒಂಬತ್ತನೆಯ ತರಗತಿಗೆ ಲಾಭ–ನಷ್ಟದ ಲೆಕ್ಕಗಳನ್ನು ಬಿಡಿಸಿ ತೋರಿಸುತ್ತಿದ್ದರು. ಪತ್ರಿಕೆಯಲ್ಲಿ ಆ ವಾರ್ತೆಯನ್ನೋದಿ, ವಸ್ತುವನ್ನು ಕಡಿಮೆ ಬೆಲೆಗೂ ಕೊಟ್ಟು ಮೇಲೆ ಕ್ಷಮೆಯನ್ನೂ ಕೇಳುವ ವ್ಯಾಪಾರಿಗಳು ಭೂಮಿಯ ಮೇಲೆ ಅವತರಿಸಿದ್ದಾರೆಂದು ಅವರು ಪುಳಕಿತರಾದರು. ನಿವೃತ್ತಿಯ ದಿನ ಶಾಲೆಯವರು ಶಾಲು, ಫಲತಾಂಬೂಲಗಳನ್ನೂ ಶಿಷ್ಯರು ಒಂದು ಸ್ಮಾರ್ಟ್‌ಫೋನನ್ನೂ ಅರ್ಪಿಸಿದರು. ಶಾಲು ಕಪಾಟಿನಲ್ಲಿದೆ.

ಗಣಿತಜ್ಞರಾದ್ದರಿಂದ ಮಾಸ್ತರು ಈ ವಿದ್ಯೆಯ ಮರ್ಮವನ್ನೆಲ್ಲ ಬಲ್ಲರು. ಪೊಟ್ಟಣದ ಮೇಲೆ ಮುದ್ರಿತವಾಗುವ ಗರಿಷ್ಠ ಮಾರಾಟ ಬೆಲೆಯೆಂಬುದು ಕಾನೂನಿನ ಪ್ರಕಾರ ಮೀರಬಾರದ ಮೇಲಿನ ಗೆರೆಯೇ ಹೊರತು ವಸ್ತುವಿನ ಯೋಗ್ಯತೆಯ ಪ್ರಮಾಣಪತ್ರವಲ್ಲ. ಆ ಗೆರೆಯನ್ನೆಳೆಯುವವನು ಪೊಟ್ಟಣ ಕಟ್ಟುವವನೇ. ಆದುದರಿಂದ ಯಾರು ಎಷ್ಟು ಎತ್ತರದಲ್ಲಿ ಗೆರೆಯೆಳೆದಾರೋ ಅವರು ಅಷ್ಟು ಔದಾರ್ಯದಿಂದ ಕೆಳಗಿಳಿದು ಬರಬಲ್ಲರು. ಈ ಪ್ರಮೇಯವನ್ನು ಮಾಸ್ತರು ಯಾವ ಕಟ್ಟೆಯ ಮೇಲೆ ಬೇಕಾದರೂ ಕೂತು ಸಾಧಿಸಿಕೊಡಬಲ್ಲರು. ‘ಇನ್ನು ಎರಡೇ ಉಳಿದಿವೆ’, ‘ನಿಮ್ಮೂರಿನ ಹದಿನಾರು ಮಂದಿ ಇದನ್ನೇ ನೋಡುತ್ತಿದ್ದಾರೆ’ ಎಂದು ಗ್ರಾಹಕನನ್ನು ಸುಳ್ಳು ಅವಸರಕ್ಕೆ ದೂಡುವ ಉಪಾಯವೂ ಸೇರಿದಂತೆ 13 ಬಗೆಯ ಕಪಟಗಳನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಪಟ್ಟಿಮಾಡಿ ನಿಷೇಧಿಸಿರುವುದನ್ನೂ ಅವರು ಅರಿಯರೆಂದಲ್ಲ. ಆ ಸುದ್ದಿಯ ತುಣುಕನ್ನು ಕತ್ತರಿಸಿ ದಿನಚರಿಯಲ್ಲಿ ಅಂಟಿಸಿಕೊಂಡಿದ್ದಾರೆ. ಆದರೂ ‘ಇನ್ನು ಎರಡೇ’ ಎಂಬ ಕೆಂಪಕ್ಷರಗಳು ಕಣ್ಣಿಗೆ ಬಿದ್ದೊಡನೆ ಅವರ ಹೆಬ್ಬೆರಳು ಕಂಪಿಸುತ್ತದೆ. ಜ್ಞಾನಕ್ಕೂ ಹೆಬ್ಬೆರಳಿಗೂ ನಡುವೆ ಇರುವ ಅಂತರವನ್ನು ಅಳೆಯುವ ಗಣಿತ ಇನ್ನೂ ಹುಟ್ಟಿಲ್ಲ.

ಅವರ ವಿಧಾನವನ್ನು ಸಮೀಪದಿಂದ ನೋಡುವ ಭಾಗ್ಯ ನನಗೆ ಒದಗಿದ್ದು 2025ರ ನವರಾತ್ರಿಯಲ್ಲಿ. ಆ ವರ್ಷ ಸೆಪ್ಟೆಂಬರ್ 22ರಂದು, ಘಟಸ್ಥಾಪನೆಯ ದಿನವೇ, ತುಪ್ಪ, ಒಣಹಣ್ಣು, ಚಾಕೊಲೇಟುಗಳ ಮೇಲಿನ ತೆರಿಗೆ ಶೇ. 5ಕ್ಕೆ ಇಳಿದಿತ್ತು; ದೊಡ್ಡ ಕಂಪೆನಿಗಳ ಹಬ್ಬದ ಮಾರಾಟವೋ ಮರುದಿನಕ್ಕೆ ನಿಶ್ಚಯವಾಗಿತ್ತು. ಸರ್ಕಾರವೂ ವ್ಯಾಪಾರಿಯೂ ಏಕಕಾಲದಲ್ಲಿ ಪ್ರಸನ್ನರಾಗುವ ಇಂತಹ ಯೋಗ ಜಾತಕದಲ್ಲಿ ಮತ್ತೆ ಬರಲಾರದೆಂದು ಮಾಸ್ತರು ಹಗಲೆಲ್ಲ ನಿದ್ರಿಸಿ ಇರುಳಿಗೆ ಸನ್ನದ್ಧರಾದರು. ಮಾರಾಟದ ಬಾಗಿಲು ತೆರೆಯುವುದು ಮಧ್ಯರಾತ್ರಿ 12ಕ್ಕೆ. ಹನ್ನೆರಡಕ್ಕೆ ಸ್ವಲ್ಪ ಮುಂಚೆ ಗಾಳಿ ಎದ್ದು ಕರೆಂಟು ಹೋಯಿತು. ಕರೆಂಟಿನೊಡನೆ ಮನೆಯ ವೈಫೈಯೂ ಹೋಯಿತು. ಮೊಬೈಲಿನ ಸಿಗ್ನಲ್ಲು ಸಿಗುವುದು ತಾರಸಿಯ ಈಶಾನ್ಯ ಮೂಲೆಯಲ್ಲಿ, ನೀರಿನ ಟ್ಯಾಂಕಿಗೆ ಬೆನ್ನು ಕೊಟ್ಟು ನಿಂತರೆ ಮಾತ್ರ. ಎಡಗೈಯಲ್ಲಿ ಕೊಡೆಯನ್ನೂ ಬಲಗೈಯಲ್ಲಿ ಬೆಳಗುವ ಮೊಬೈಲನ್ನೂ ಧರಿಸಿ, ಪಂಚೆಯನ್ನು ಮೊಣಕಾಲ ಮೇಲಕ್ಕೆ ಕಟ್ಟಿ, ಸುರಿಯುವ ಮಳೆಯಲ್ಲಿ ನಿಶ್ಚಲರಾಗಿ ನಿಂತ ಆ ಮೂರ್ತಿಯನ್ನು ಕಂಡು ಪಕ್ಕದ ಮನೆಯ ನಾಯಿ ಬೊಗಳಿತು. ನಾಯಿಯ ಹಿಂದೆ ಯಜಮಾನನು ಟಾರ್ಚು ಬಿಟ್ಟು, ‘ಯಾರದು ಮೇಲೆ?’ ಎಂದು ಗರ್ಜಿಸಿದನು.

‘ನಾನೇ ಮಾರಾಯಾ’ ಎಂದು ಮೇಲಿನಿಂದ ಅಶರೀರವಾಣಿ ಇಳಿದುಬಂತು, ‘ತುಪ್ಪ ತಗತ್ತಾ ಇದ್ದಿ.’

ತುಪ್ಪವನ್ನು ತೆಗೆದುಕೊಳ್ಳುವುದು ಅಷ್ಟು ಸುಲಭವೇ? ಅವರಿಗೆ ಬೇಕಾದ ತುಪ್ಪ, ಒಣದ್ರಾಕ್ಷಿ, ಬಾದಾಮಿಗಳ ಮೊತ್ತ 1,180 ರೂಪಾಯಿ. ಇಂತಿಂತಹ ಬ್ಯಾಂಕಿನ ಕಾರ್ಡಿನಲ್ಲಿ ಕಟ್ಟಿದರೆ ಶೇ. 10 ಇಳಿಕೆ, ಆದರೆ ಖರೀದಿ 1,500 ರೂಪಾಯಿಗೆ ಕಡಿಮೆಯಾಗಕೂಡದು. ಅಳಿಯನಿಂದ ಆ ಕಾರ್ಡಿನ ನಂಬರನ್ನು ಮೊದಲೇ ಸಂಪಾದಿಸಿಟ್ಟಿದ್ದ ಮಾಸ್ತರು, ಕೊರತೆಯಾದ 320 ರೂಪಾಯಿಯನ್ನು ತುಂಬಲು ಮಳೆಯಲ್ಲಿಯೇ ಅಂಗಡಿಯನ್ನೆಲ್ಲ ಶೋಧಿಸಿ, 330 ರೂಪಾಯಿಯ ‘ಕಿನೋವಾ’ ಎಂಬ ಪರದೇಶದ ಧಾನ್ಯವೊಂದನ್ನು ಬುಟ್ಟಿಗೆ ಸೇರಿಸಿದರು. ಮೊತ್ತ 1,510, ಇಳಿಕೆ 151, ಕೊಟ್ಟದ್ದು 1,359. ಅಂದರೆ 1,180ರ ಸಾಮಾನಿಗೆ ಹೊರಟ ಮನುಷ್ಯ 1,359 ರೂಪಾಯಿ ತೆತ್ತು, 151 ರೂಪಾಯಿ ಉಳಿಸಿದ ಸಂತೃಪ್ತಿಯಿಂದ ಏಣಿಯಿಳಿದು ಬಂದು ತಲೆ ಒರೆಸಿಕೊಂಡನೆಂದಾಯಿತು. ಆ ಕಿನೋವಾವನ್ನು ಮಾಸ್ತರ ಪತ್ನಿ ಒಮ್ಮೆ ಉಪ್ಪಿಟ್ಟು ಮಾಡಿ, ಒಮ್ಮೆ ಪಾಯಸ ಮಾಡಿ, ಉಳಿದುದನ್ನು ಬಲಿಪಾಡ್ಯದ ಗೋಪೂಜೆಯ ದಿನ ಬೇಯಿಸಿ ಬೆಲ್ಲ ಬೆರೆಸಿ ನೆರೆಮನೆಯ ಆಕಳಿನ ಮುಂದಿಟ್ಟರು. ಆಕಳು ಬೆಲ್ಲವನ್ನಷ್ಟೇ ನೆಕ್ಕಿತು.

ಮಾಸ್ತರ ಸಾಮ್ರಾಜ್ಯ ಮೂರು ಪಿನ್‌ಕೋಡುಗಳಲ್ಲಿ ಹರಡಿಕೊಂಡಿದೆ. ಹೊನ್ನಾವರದ 581334 ಸ್ವಂತದ್ದು. ಕುಮಟೆಯ ಗಿಬ್ ಹೈಸ್ಕೂಲಿನ ಹಿಂಬದಿಯಲ್ಲಿರುವ ಮಗಳ ಮನೆಯಿಂದ 581343 ಪ್ರಾಪ್ತವಾಗಿದೆ. ಭಟ್ಕಳದ ತಂಗಿಯ ಮನೆಯಿಂದ 581320. 1972ರ ಸ್ವಾತಂತ್ರ್ಯ ದಿನದಂದು ಅಂಚೆ ಇಲಾಖೆ ಈ ಆರಂಕಿಯ ಪದ್ಧತಿಯನ್ನು ಜಾರಿಗೆ ತಂದಾಗ ಅದರ ಉದ್ದೇಶ ಪತ್ರಗಳು ದಾರಿ ತಪ್ಪದಿರಲೆಂಬುದಾಗಿತ್ತು. ಮಾಸ್ತರ ಕೈಯಲ್ಲಿ ಅದು ಮೂರು ಅಸ್ತ್ರಗಳ ಬತ್ತಳಿಕೆಯಾಗಿದೆ. ಒಂದೇ ಗೇರುಬೀಜದ ಡಬ್ಬಿಯನ್ನು ಮೂರು ವಿಳಾಸಗಳಿಗೂ ಒಡ್ಡಿ ನೋಡುತ್ತಾರೆ: ಒಂದೂರಿಗೆ ಅದು ತಲುಪುವುದೇ ಇಲ್ಲ, ಇನ್ನೊಂದಕ್ಕೆ ಸಾಗಾಟದ ಖರ್ಚು 60 ರೂಪಾಯಿ, ಮತ್ತೊಂದಕ್ಕೆ ಪುಕ್ಕಟೆ. ‘ಮೊದಲ ಖರೀದಿಗೆ ವಿಶೇಷ ರಿಯಾಯಿತಿ’ ಎಂಬ ಘೋಷಣೆ ಇದ್ದಲ್ಲಿ ತಂಗಿಯೂ ಮಗಳೂ ಪತ್ನಿಯೂ ಒಬ್ಬೊಬ್ಬರಾಗಿ ಮೊತ್ತಮೊದಲ ಬಾರಿಗೆ ಖರೀದಿ ಮಾಡುವ ಮುಗ್ಧೆಯರಾಗುತ್ತಾರೆ.

ಹೊನ್ನಾವರಕ್ಕೆ 60 ರೂಪಾಯಿ, ಕುಮಟೆಗೆ ಪುಕ್ಕಟೆ ಎಂದಾದರೆ ಸಾಮಾನು ಕುಮಟೆಗೇ ಹೋಗತಕ್ಕದ್ದು. ಅಲ್ಲಿಂದ ತರುವವರು ಯಾರು? ಇಪ್ಪತ್ತು ಕಿಲೋಮೀಟರಿನಷ್ಟು ದಾರಿ. ಹಿರಿಯ ನಾಗರಿಕರಾದ ಮಾಸ್ತರಿಗೆ ಸರ್ಕಾರಿ ಬಸ್ಸಿನಲ್ಲಿ ಶೇ. 25 ಸೋಡಿ ಉಂಟಾದರೂ ಉಳಿದ ಮುಕ್ಕಾಲು ಭಾಗ ಎದೆಗೆ ಚುಚ್ಚುತ್ತದೆ. ರೈಲಿನಲ್ಲಿ ಹೋಗೋಣವೆಂದರೆ 2020ರ ಮಾರ್ಚಿನಲ್ಲಿ ಹಿರಿಯರ ರಿಯಾಯಿತಿಯನ್ನು ಹಿಂತೆಗೆದುಕೊಂಡ ರೈಲ್ವೆಯ ಮುಖವನ್ನು ನೋಡಲೊಲ್ಲರು. ಇಂತಹ ಧರ್ಮಸಂಕಟದ ಕಾಲದಲ್ಲಿ, 2023ರ ಜೂನ್ 11ರಂದು, ಶಕ್ತಿ ಯೋಜನೆ ಆರಂಭವಾಗಿ ಸ್ತ್ರೀಯರಿಗೆ ಬಸ್ ಪ್ರಯಾಣ ಉಚಿತವಾಯಿತು. ಶೇಕಡಾ 100! ಯಾವ ಕಂಪೆನಿಯ ಯಾವ ಮಹೋತ್ಸವದಲ್ಲಿಯೂ ಕಾಣದ ಆ ಅಂಕಿಯನ್ನು ಪತ್ನಿಯ ಶೂನ್ಯ ಬೆಲೆಯ ಟಿಕೆಟಿನಲ್ಲಿ ಪ್ರತ್ಯಕ್ಷವಾಗಿ ಕಂಡ ದಿನ ಮಾಸ್ತರು ಅದನ್ನು ಎಸೆಯಗೊಡದೆ ತೆಗೆದಿರಿಸಿಕೊಂಡರು. ಅಂದಿನಿಂದ ಪಾರ್ಸೆಲ್ಲುಗಳನ್ನು ತರುವ ಭಾರ ಗೃಹಿಣಿಯದಾಯಿತು. ಆ ತಾಯಿ ಬೇಸರಿಸಿದರೇ? ಎಳ್ಳಷ್ಟೂ ಇಲ್ಲ. 60 ರೂಪಾಯಿಯ ನಿಮಿತ್ತ ಕುಮಟೆಗೆ ಹೋದವರು ಮೊಮ್ಮಗುವಿಗೆ ಶೀತವೆಂದೋ, ಮಗಳ ಅತ್ತೆ ಬಿಡಲಿಲ್ಲವೆಂದೋ ವಾರಗಟ್ಟಲೆ ಅಲ್ಲಿಯೇ ನಿಂತುಬಿಡುತ್ತಾರೆ. ಇತ್ತ ಮಾಸ್ತರು ಎರಡು ಹೊತ್ತೂ ಖಾನಾವಳಿಯಲ್ಲಿ ರಿಯಾಯಿತಿಯಿಲ್ಲದ ಊಟವನ್ನು ಉಣ್ಣುತ್ತಾರೆ.

ಆದರೆ ಅವರ ಸಮಸ್ತ ಸಾಹಸಗಳಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ‘ಪಶ್ಚಿಮ ಘಟ್ಟದ ಉಡುಗೊರೆ ಪೆಟ್ಟಿಗೆ’ಯ ಪ್ರಸಂಗ. ದೀಪಾವಳಿಗೆ ಷಡ್ಡಕರಿಗೆ ಏನಾದರೂ ಘನವಾದುದನ್ನು ಕೊಡಬೇಕೆಂದು ಶೋಧಿಸುತ್ತಿದ್ದಾಗ, 2,499 ರೂಪಾಯಿಯ ಆ ಪೆಟ್ಟಿಗೆ 999ಕ್ಕೆ ದೊರೆಯುವುದನ್ನು ಕಂಡರು. ಪೆಟ್ಟಿಗೆ ಬಂತು. ಸೆಣಬಿನ ದಾರ, ಒಣಹುಲ್ಲಿನ ಹಾಸು, ಕೈಯಿಂದ ಬರೆದಂತೆ ಮುದ್ರಿಸಿದ ಒಂದು ಶುಭಾಶಯ ಪತ್ರ. ಹುಲ್ಲನ್ನು ಸರಿಸಿದರೆ ಒಳಗೆ ನಾಲ್ಕು ಗಾಜಿನ ಶೀಶೆಗಳು: 100 ಗ್ರಾಂ ಕಾಳುಮೆಣಸು, ಒಂದು ಮುಷ್ಟಿ ಒಣಗಿದ ಮುರುಗಲು ಸಿಪ್ಪೆ, ನಾಲ್ಕು ಚಮಚೆಯಷ್ಟು ಜೋನಿ ಬೆಲ್ಲ, ಅಷ್ಟಿಷ್ಟು ಗೇರುಬೀಜ. ಮಾಸ್ತರ ತಮ್ಮನ ಮಗನು ಶರಾವತಿಯ ದಂಡೆಯ ತೋಟದಲ್ಲಿ ಅಡಕೆಯ ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿಕೊಂಡಿದ್ದಾನೆ. ಹಿತ್ತಿಲ ಮುರುಗಲು ಮರದ ಹಣ್ಣನ್ನು ಹಕ್ಕಿಗಳು ತಿಂದು ಬೇಸತ್ತಿವೆ. ಜೋನಿ ಬೆಲ್ಲದ ಡಬ್ಬಿಗೆ ಇರುವೆ ಹತ್ತದಂತೆ ನೀರಿನ ತಟ್ಟೆಯಲ್ಲಿಡುವುದು ಅಡುಗೆಮನೆಯ ನಿತ್ಯಕರ್ಮಗಳಲ್ಲೊಂದು. ಇವೆಲ್ಲವೂ ಘಟ್ಟ ಹತ್ತಿ ಮಹಾನಗರದ ಉಗ್ರಾಣವನ್ನು ಸೇರಿ, ಶೀಶೆಯನ್ನು ಹೊಕ್ಕು, ಸೆಣಬಿನ ದಾರವನ್ನು ಧರಿಸಿ, ಘಟ್ಟವಿಳಿದು ಸ್ವಗೃಹಕ್ಕೆ ಮರಳಿದ್ದುವು.

ಈ ನೆಲಕ್ಕೆ ವ್ಯಾಪಾರ ಹೊಸತಲ್ಲ. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ತುಗೀಸರು ಕಾಳುಮೆಣಸಿನ ರಾಣಿಯೆಂದೇ ಕರೆದರು. ಆ ರಾಣಿಗಿಂತ ಮುಂಚೆ, 16ನೆಯ ಶತಮಾನದ ಆರಂಭದಲ್ಲಿ, ಈ ತೀರವನ್ನು ವರ್ಣಿಸಿದ ದುವಾರ್ತೆ ಬಾರ್ಬೋಸಾ ಭಟ್ಕಳದ ಬಂದರಿನಿಂದ ಅಕ್ಕಿ, ಕಬ್ಬಿಣ, ಪುಡಿಸಕ್ಕರೆಗಳು ಹಡಗು ಹತ್ತುವುದನ್ನೂ ಹೋರ್ಮುಜಿನ ಕುದುರೆಗಳು ಇಳಿಯುವುದನ್ನೂ ಬರೆದಿಟ್ಟಿದ್ದಾನೆ. ಕುದುರೆಗಾಗಿ ಮೆಣಸು ಕೊಟ್ಟವರುಂಟು, ಬಂಗಾರಕ್ಕಾಗಿ ಮೆಣಸು ಕೊಟ್ಟವರುಂಟು. ಮೆಣಸನ್ನು ಕಳುಹಿ ಮೆಣಸನ್ನೇ ತರಿಸಿಕೊಂಡವರು ಶರಾವತಿಯ ತೀರದಲ್ಲಿ ಇವರೇ ಮೊದಲಿಗರಿರಬೇಕು. ನಾನು ಇದನ್ನು ವಿನಯದಿಂದಲೇ ಸೂಚಿಸಿದೆ. ಮಾಸ್ತರು ಶೀಶೆಯನ್ನು ಬೆಳಕಿಗೆ ಹಿಡಿದು, ಒಂದೊಂದು ಕಾಳನ್ನೂ ಕಣ್ಣಲ್ಲೇ ಎಣಿಸುತ್ತಾ, ಅತ್ಯಂತ ಸಹಜವಾಗಿ ನುಡಿದರು: ‘ಮನೆ ಮೆಣಸಿಗೆ ಯಾರು ಸೋಡಿ ಬಿಡ್ತ ಮಾರಾಯಾ?’

ಉಳಿಸಿದ ಹಣಕ್ಕೆಲ್ಲ ಮಾಸ್ತರ ಬಳಿ ಲೆಕ್ಕವಿದೆ. ಉದ್ದನೆಯ ರಟ್ಟಿನ ಪುಸ್ತಕದಲ್ಲಿ ತಾರೀಖು, ವಸ್ತು, ಮೂಲಬೆಲೆ, ಕೊಟ್ಟ ಬೆಲೆ, ಉಳಿತಾಯ ಎಂದು ಐದು ಅಂಕಣಗಳನ್ನು ಗೆರೆಯೆಳೆದು, ಐದನೆಯದನ್ನು ಮಾತ್ರ ಕೆಂಪು ಶಾಯಿಯಲ್ಲಿ ತುಂಬುತ್ತಾರೆ. ತಿಂಗಳ ಕೊನೆಗೆ ಕೂಡುವುದೂ ಆ ಅಂಕಣವೊಂದನ್ನೇ. ಆಶ್ವಯುಜದ ಮೊತ್ತ ಪಿಂಚಣಿಯನ್ನು ಮೀರಿದಾಗ ಹೆಮ್ಮೆ ತಡೆಯಲಾರದೆ ಪತ್ನಿಗೆ ತೋರಿಸಿದರು. ಆಕೆ ಕನ್ನಡಕವನ್ನೇರಿಸಿ ಅಂಕಿಯನ್ನು ಎರಡು ಬಾರಿ ಓದಿದರು.

‘ಇಷ್ಟೆಲ್ಲ ಉಳ್ದಿದ್ದನ? ಹಂಗಾದ್ರೆ ಅದ್ರಲ್ಲೇ ನೀರು ತುಂಬುಲೆ ಒಂದು ತಾಮ್ರದ ಹಂಡೆ ತಗಂಬನ. ಎಲ್ಲಿದ್ದು ದುಡ್ಡು?’

ಮಾಸ್ತರು ಕಪಾಟಿನತ್ತ ನೋಡಿದರು, ಬ್ಯಾಂಕಿನ ಪಾಸುಪುಸ್ತಕದತ್ತ ನೋಡಿದರು, ಮೊಬೈಲಿನತ್ತ ನೋಡಿದರು. ಒಂದಷ್ಟು ಹಣ ಅಂಕಗಳ ರೂಪದಲ್ಲಿ ಮೊಬೈಲಿನೊಳಗೇ ಇರುವುದೆಂದೂ, ತಿಂಗಳೊಳಗೆ ಅದೇ ಕಂಪೆನಿಯಲ್ಲಿ ಬಳಸದಿದ್ದರೆ ಅದು ತೀರಿಹೋಗುವುದೆಂದೂ ವಿವರಿಸಿದರು. ಪತ್ನಿ ಕನ್ನಡಕವನ್ನು ಮಡಿಸಿ ಒಳಗೆ ಹೋದರು. ಆ ವರ್ಷದ ದೀಪಾವಳಿಯ ನೀರೂ ಹಳೆಯ ಹಂಡೆಗೇ ತುಂಬಿತು.

ತಂಗಿಯ ಮನೆಗೆಂದು ಭಟ್ಕಳಕ್ಕೆ ಹೋದಾಗಲೆಲ್ಲ ಮಾಸ್ತರಿಗೆ ಒಂದು ಬಗೆಯ ಅಸ್ವಸ್ಥತೆ. ಆ ಊರಿನ ಉಡುಗೊರೆಗಳ ಗತಿಯೇ ಬೇರೆ. ಕೊಲ್ಲಿ ದೇಶಗಳಿಂದ ಬಂದಿಳಿಯುವ ಸೂಟ್‌ಕೇಸುಗಳಿಂದ ಖರ್ಜೂರ, ಅತ್ತರು, ಚಾಕೊಲೇಟುಗಳು ಹೊರಬಿದ್ದು, ಬೆಲೆಯೆಷ್ಟೆಂದು ಯಾರೂ ಕೇಳದೆ, ಯಾರೂ ಹೇಳದೆ, ಬಂಧುಗಳಿಗೂ ನೆರೆಹೊರೆಗೂ ಹಂಚಿಹೋಗುತ್ತವೆ. ರಮ್ಜಾನಿನ ಕೊನೆಯ ದಿನಗಳಲ್ಲಿ ಮುಖ್ಯ ರಸ್ತೆಯಲ್ಲಿ ನೆರೆಯುವ ಪೇಟೆಯಲ್ಲಿ ಇಂದಿಗೂ ಬಾಯಿಂದಲೇ ಚೌಕಾಶಿ ನಡೆಯುತ್ತದೆ. ಮಾಸ್ತರ ತಂಗಿಗೂ ಪಕ್ಕದ ಮನೆಯಿಂದ ಪ್ರತಿ ಹಬ್ಬಕ್ಕೆ ಖರ್ಜೂರದ ಡಬ್ಬಿ ಬರುವುದುಂಟು. ಅದನ್ನು ತಿನ್ನುತ್ತಾ ಮಾಸ್ತರು, ಇದಕ್ಕೆ ದುಬೈಯಲ್ಲಿ ಎಷ್ಟಿರಬಹುದೆಂದು ಮನಸ್ಸಿನಲ್ಲಿಯೇ ತರ್ಕಿಸಿ, ಹೋಲಿಸಲು ಅಂಕಿ ದೊರೆಯದೆ ರುಚಿಯನ್ನು ಕಳೆದುಕೊಳ್ಳುತ್ತಾರೆ.

ಕಳೆದ ದೀಪಾವಳಿಗೆ ಮುನ್ನ ಅಂಥದೊಂದು ಭೇಟಿಯಲ್ಲಿ ನಾನೂ ಜೊತೆಗಿದ್ದೆ. ತಂಗಿಗೆ ಕೊಡಬೇಕಾಗಿದ್ದ ಬಾದಾಮಿಯ ಪೆಟ್ಟಿಗೆ ಹಬ್ಬದ ಮರುದಿನಕ್ಕೆ ತಲುಪುವುದೆಂದು ಮೊಬೈಲು ಸಾರಿದ್ದರಿಂದ, ಗತ್ಯಂತರವಿಲ್ಲದೆ ಮುಖ್ಯ ರಸ್ತೆಯ ಒಣಹಣ್ಣಿನ ಅಂಗಡಿಯೊಂದರ ಮೆಟ್ಟಿಲು ಹತ್ತಿದೆವು. ಅಂಗಡಿಯ ಸಾಹೇಬರು ಹಳೆಯ ಪರಿಚಿತರು. ಬಿಳಿಯ ಗಡ್ಡ, ನಗುವ ಕಣ್ಣು.

‘ಬನ್ನಿ ಮಾಸ್ತರೇ, ಫೋನಿನಲ್ಲಿ ಎಷ್ಟು ತೋರಿಸ್ತದೆ ಮೊದಲು ಅದು ಹೇಳಿ.’

‘640.’

‘630 ಕೊಡಿ. ಅದೇ ಮಾಲು, ಅದೇ ತೂಕ. ಬಾಯಿಗೆ ಹಾಕ್ಕೊಂಡು ನೋಡಿ ಬೇಕಾದ್ರೆ.’

ಮಾಸ್ತರು ನೋಡಿದರು. ಬಾದಾಮಿ ಉತ್ತಮವಾಗಿತ್ತು, ಬೆಲೆ 10 ರೂಪಾಯಿ ಕಡಿಮೆಯಿತ್ತು, ಸಾಗಾಟದ ಖರ್ಚಿಲ್ಲ, ಕಾಯುವಿಕೆಯಿಲ್ಲ. ಆದರೂ ಅವರ ಮುಖದಲ್ಲಿ ಕಳೆಯಿರಲಿಲ್ಲ. ಪೆಟ್ಟಿಗೆಯನ್ನು ತಿರುವಿದರು, ಮಗುಚಿದರು, ತಳವನ್ನು ನೋಡಿದರು.

‘ಮೂಲಬೆಲೆ ಎಷ್ಟು?’

‘ಇದೇ ಮೂಲಬೆಲೆ, 630.’

‘ಅಲ್ಲ, ಮೊದಲು ಎಷ್ಟಿತ್ತು?’

‘ಮೊದಲೂ ಇಷ್ಟೇ ಮಾಸ್ತರೇ.’

ಮಾಸ್ತರು ಪೆಟ್ಟಿಗೆಯನ್ನು ಮೆಲ್ಲನೆ ಕೆಳಗಿಟ್ಟು, ಇನ್ನೊಮ್ಮೆ ಬರುವುದಾಗಿ ಹೇಳಿ ಚಪ್ಪಲಿ ಮೆಟ್ಟಿದರು. ನಾನು ಚಡಪಡಿಸಿದೆ. ಸಾಹೇಬರು ಒಂದು ಗಳಿಗೆ ಅವರ ಬೆನ್ನನ್ನೇ ನೋಡಿದರು. ಬಳಿಕ ಗಲ್ಲಾಪೆಟ್ಟಿಗೆಯ ಮೇಲಿದ್ದ ಬಿಲ್ಲಿನ ಪುಸ್ತಕದಿಂದ ಒಂದು ಹಾಳೆಯನ್ನು ಹರಿದು, ದಪ್ಪಕ್ಷರದಲ್ಲಿ 1,200 ಎಂದು ಬರೆದು, ಅದರ ಮೇಲೆ ಕೆಂಪು ಪೆನ್ನಿನಿಂದ ಓರೆಗೆರೆಯೊಂದನ್ನೆಳೆದು, ಕೆಳಗೆ 640 ಎಂದು ನಮೂದಿಸಿ, ಹಾಳೆಯನ್ನು ಪೆಟ್ಟಿಗೆಯ ಮೇಲೆ ಅಂಟಿಸಿ ಕರೆದರು:

‘ಮಾಸ್ತರೇ, ಬನ್ನಿ. ಇವತ್ತೊಂದು ದಿನಕ್ಕೆ ಮಾತ್ರ. ಇನ್ನು ಮೂರೇ ಉಂಟು.’

ಮಾಸ್ತರು ಮೂರನ್ನೂ ತೆಗೆದುಕೊಂಡರು.